ಕಾಳಿ ಎಂಬ ನಾಯಿಯೂ ನಮ್ಮ ಕರಿಯನೂ

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ಇತಿಹಾಸ ಅಂದರೆ ಬಾಣದ ಗುರುತುಗಳು. ಹಲ್ಮಿಡಿ, ಬಾಣ, ಕದಂಬರು. ಐಹೊಳೆ, ಬಾಣ, ರವಿಕೀರ್ತಿ. ಆತಕೂರು, ಬಾಣ, ನಾಯಿ. ಎರಡು ವರ್ಷದಿಂದ ಎಫ್‌ಡಿಎ, ಪಿಎಸ್‌ಐ, ಕೆಎಎಸ್ ಅಂತ ಯಾವುದು ಕರೆದರೂ ಅರ್ಜಿ ಹಾಕುತ್ತಿರುವ ನನ್ನ ನೋಟ್ಸ್‌ನಲ್ಲೂ ಹಾಗೇ ಇದೆ. ಹಸಿರು ಪೆನ್ನಿನಲ್ಲಿ ಅಡಿಗೆರೆ ಬೇರೆ ಹಾಕಿದ್ದೇನೆ, 'ಒಂದು ಅಂಕ ಗ್ಯಾರಂಟಿ' ಅಂತ. ಆ ನಾಯಿಗೊಂದು ಹೆಸರಿತ್ತು ಅಂತ ನನಗೆ ಗೊತ್ತಿರಲಿಲ್ಲ. ಪರೀಕ್ಷೆಯಲ್ಲಿ ಕೇಳುವುದಿಲ್ಲವಲ್ಲ, ಹಾಗಾಗಿ ತಿಳಿದುಕೊಳ್ಳುವ ಗೋಜಿಗೂ ಹೋಗಿರಲಿಲ್ಲ.

ನಮ್ಮದು ಮಳವಳ್ಳಿ ಕಡೆಯ ಒಂದು ಸಣ್ಣ ಹಳ್ಳಿ. ಅಪ್ಪನಿಗೆ ಒಂದೂವರೆ ಎಕರೆ. ಅರ್ಧ ಕಬ್ಬು, ಉಳಿದದ್ದು ರಾಗಿ. ರಾತ್ರಿ ಕರೆಂಟು ಬಂದಾಗ ನೀರು ಕಟ್ಟಲು ಹೋಗುವ ಅಪ್ಪನ ಜೊತೆ ಕರಿಯ ಹೋಗುತ್ತಿತ್ತು. ಕರಿಯ ನಮ್ಮ ಮನೆಯ ನಾಯಿ. ಜಾತಿ ನಾಯಿಯೇನಲ್ಲ, ಸಂತೆಯಿಂದ ಹಿಂದೆ ಬಂದ ಮರಿ. ಕಬ್ಬಿಗೆ ಹಂದಿ ನುಗ್ಗಿದರೆ ಅದು ಬೊಗಳುವ ರೀತಿಯೇ ಬೇರೆ. ಮನೆಯಲ್ಲಿ ಮಲಗಿದ್ದ ಅಮ್ಮ 'ಹಂದಿ ಬಂತು' ಅಂತ ಎದ್ದು ಕೂರುತ್ತಿದ್ದಳು. ಹೋದ ವರ್ಷ ಕಾರ್ತೀಕದಲ್ಲಿ ಹಂದಿಗೆಂದು ಯಾರೋ ಬದುವಿನಲ್ಲಿ ಹಾಕಿದ್ದ ಉರುಳಿಗೆ ಕರಿಯ ಸಿಕ್ಕಿಕೊಂಡಿತು. ಬೆಳಿಗ್ಗೆ ಅಪ್ಪ ನೋಡುವಷ್ಟರಲ್ಲಿ ಮುಗಿದಿತ್ತು.

ನಾನು ಆ ದಿನ ಊರಲ್ಲೇ ಇದ್ದೆ. ಹದಿನೈದು ದಿನಕ್ಕೆ ಪರೀಕ್ಷೆ ಇತ್ತು. ಜಗಲಿಯ ಮೇಲೆ ನೋಟ್ಸ್ ಹರಡಿಕೊಂಡು ಕೂತಿದ್ದೆ. ಅಪ್ಪ ಕರಿಯನನ್ನು ಗೋಣಿಚೀಲದಲ್ಲಿ ಎತ್ತಿಕೊಂಡು ಬಂದು, 'ಗುದ್ದಲಿ ತಗೊಂಡು ಬಾ, ಹೊಂಗೆ ಮರದ ತಾವ ಗುಂಡಿ ತೆಗೀವಾ' ಅಂದರು. ನಾನು ತಲೆ ಎತ್ತದೆ, 'ನಾಯಿ ತಾನೆ, ಹಳ್ಳಕ್ಕೆ ಎಸೆದು ಬಂದ್ರಾಯ್ತು, ನನಗೆ ಓದೋದಿದೆ' ಅಂದೆ. ಅಪ್ಪ ಏನೂ ಹೇಳಲಿಲ್ಲ. ತಾವೇ ಗುದ್ದಲಿ ಹೆಗಲಿಗೆ ಹಾಕಿಕೊಂಡು ಹೋದರು. ಮಧ್ಯಾಹ್ನ ಊಟಕ್ಕೂ ತಡವಾಗಿ ಬಂದರು. ಉರುಳು ಯಾರದ್ದು ಅಂತ ಅವರಿಗೆ ಗೊತ್ತಿತ್ತು, ಅದನ್ನೂ ಹೇಳಲಿಲ್ಲ.

ಆ ಪರೀಕ್ಷೆ ನನಗೆ ಆಗಲಿಲ್ಲ, ಅದು ಬೇರೆ ಮಾತು.

ಕೆಲವು ತಿಂಗಳ ನಂತರ ಬೆಂಗಳೂರಿನಲ್ಲಿ ಇನ್ನೊಂದು ಪರೀಕ್ಷೆ ಬರೆದು ಬಸ್ಸಿಗೆ ಸಮಯ ಉಳಿದಿತ್ತು. ರೂಮ್‌ಮೇಟ್ ಒಬ್ಬ ಜೊತೆಗಿದ್ದ. ಇಬ್ಬರೂ ಕಬ್ಬನ್ ಪಾರ್ಕ್ ದಾಟಿ ಕಸ್ತೂರಬಾ ರಸ್ತೆಯ ಕೆಂಪು ಬಣ್ಣದ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಹೋದೆವು. ನಿಜ ಹೇಳಬೇಕೆಂದರೆ ನೆರಳು ಹುಡುಕಿಕೊಂಡು ಹೋದದ್ದು. ಅಲ್ಲಿ ಕಲ್ಲುಗಳ ನಡುವೆ ಒಂದು ಕಲ್ಲಿನ ಮುಂದೆ ಅವನು ನಿಂತು, 'ಲೋ, ನಿನ್ನ ಒಂದು ಅಂಕ ಇಲ್ಲಿದೆ ನೋಡೋ' ಅಂದ. ಆತಕೂರು ಶಾಸನ. ಅಕ್ಷರ ಓದಲು ನನಗೆ ಬರಲಿಲ್ಲ. ಆದರೆ ಮೇಲೆ ಕೆತ್ತಿದ ಚಿತ್ರಕ್ಕೆ ಅಕ್ಷರ ಬೇಕಿರಲಿಲ್ಲ. ಒಂದು ಹಂದಿ, ಒಂದು ನಾಯಿ, ಎರಡೂ ಒಂದನ್ನೊಂದು ಹಿಡಿದು ನಿಂತಿವೆ.

ರೂಮಿಗೆ ಬಂದವನೇ ಮೊದಲ ಬಾರಿಗೆ ಪರೀಕ್ಷೆಗಲ್ಲದೆ ಆ ಶಾಸನದ ಬಗ್ಗೆ ಓದಿದೆ. ಕಥೆ ಇಷ್ಟು. ಶಕ ವರ್ಷ 872, ನಮ್ಮ ಲೆಕ್ಕಕ್ಕೆ ಕ್ರಿ.ಶ. 949-50. ರಾಷ್ಟ್ರಕೂಟರ ಮೂರನೇ ಕೃಷ್ಣನಿಗೂ ಚೋಳರ ರಾಜಾದಿತ್ಯನಿಗೂ ಈಗಿನ ತಮಿಳುನಾಡಿನ ತಕ್ಕೋಲದಲ್ಲಿ ದೊಡ್ಡ ಯುದ್ಧ. ಕೃಷ್ಣನ ಪರ ನಿಂತ ಗಂಗರ ಇಮ್ಮಡಿ ಬೂತುಗ ರಾಜಾದಿತ್ಯನನ್ನು ಕೊಂದ. ಆನೆಯ ಮೇಲೆ ಕೂತಿದ್ದಾಗಲೇ ಸತ್ತನೆಂದು ಚೋಳರು ಅವನನ್ನು 'ಆನೆಯ ಮೇಲೆ ಮಡಿದ ದೇವರು' ಎಂದೇ ತಮ್ಮ ಶಾಸನಗಳಲ್ಲಿ ಕರೆದರು. ಗೆದ್ದ ಕೃಷ್ಣ ಬೂತುಗನಿಗೆ ಬನವಾಸಿ 12000, ಬೆಳ್ವೊಲ 300, ಪುಲಿಗೆರೆ 300, ಕಿಸುಕಾಡು 70, ಬಾಗೆನಾಡು 70 ಕೊಟ್ಟ. ಬೂತುಗನ ಕೈಕೆಳಗೆ ಮಣಲೆರ ಎಂಬ ವೀರನಿದ್ದ. ಅವನ ಕಾದಾಟಕ್ಕೆ ಮೆಚ್ಚಿ ಬೂತುಗ, 'ಏನು ಬೇಕೋ ಕೇಳಿಕೋ' ಅಂದ.

ಇಲ್ಲಿ ಸ್ವಲ್ಪ ನಿಲ್ಲಿ. ನಾಡುಗಳು ಕೈ ಬದಲಾಗುತ್ತಿರುವ ಹೊತ್ತು. ಆ ಹೊತ್ತಿಗೆ ನಾನಾಗಿದ್ದರೆ ಏನು ಕೇಳುತ್ತಿದ್ದೆ ಅಂತ ಯೋಚಿಸಿದೆ. ಗ್ರೂಪ್ ಎ ಹುದ್ದೆ, ಅದೂ ಮೈಸೂರಿಗೇ ಪೋಸ್ಟಿಂಗ್. ಮಣಲೆರ ಕೇಳಿದ್ದು ಬೂತುಗನ ಬಳಿಯಿದ್ದ ಕಾಳಿ ಎಂಬ ನಾಯಿಯನ್ನು. ಅವನಿಗೆ ಆತಕೂರು ಹನ್ನೆರಡು ಮತ್ತು ಬೆಳ್ವೊಲದ ಒಂದು ಊರು 'ಬಾಳ್ಗಚ್ಚು', ಅಂದರೆ ಕತ್ತಿ ತೊಳೆದ ಕೊಡುಗೆಯಾಗಿ ಸಿಕ್ಕಿದ್ದೂ ಶಾಸನದಲ್ಲಿದೆ. ಆದರೆ ಬಾಯಿಬಿಟ್ಟು ಕೇಳಿದ್ದು ನಾಯಿಯನ್ನು.

ಆಮೇಲೆ ಬೆಳತೂರಿನ ಪಡುವಣ ದಿಕ್ಕಿನ ದಿಣ್ಣೆಯಲ್ಲಿ ಒಂದು ದೊಡ್ಡ ಹಂದಿಯ ಮೇಲೆ ಕಾಳಿಯನ್ನು ಬಿಟ್ಟರು. ಹಂದಿಯೂ ಸತ್ತಿತು, ನಾಯಿಯೂ ಸತ್ತಿತು. ಮಣಲೆರ ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ಕಾಳಿಯ ನೆನಪಿಗೆ ಕಲ್ಲು ನಿಲ್ಲಿಸಿದ. ಬರೀ ನಿಲ್ಲಿಸಲಿಲ್ಲ, ಆ ಕಲ್ಲಿನ ಪೂಜೆಗೆ ಭೂಮಿ ಬಿಟ್ಟ. ಯುದ್ಧದ ವಿವರ, ರಾಜಾದಿತ್ಯನ ಸಾವು, ನಾಡುಗಳ ಲೆಕ್ಕ, ಇದೆಲ್ಲ ನಮಗೆ ಸಿಕ್ಕಿರುವುದು ಒಂದು ನಾಯಿಯ ಕಲ್ಲಿನಲ್ಲಿ. ಇತಿಹಾಸದ ಮೇಷ್ಟ್ರು ತಕ್ಕೋಲ ಕದನಕ್ಕೆ 'ಆಧಾರ' ಎಂದು ಬರೆಸುವುದು ಇದನ್ನೇ. ಕಾಳಿ ಸಾಯದೆ ಇದ್ದಿದ್ದರೆ ನಮ್ಮ ನೋಟ್ಸ್‌ನ ಒಂದು ಪುಟ ತೆಳ್ಳಗಿರುತ್ತಿತ್ತು.

ಆ ಶಾಸನದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಕೊನೆಯ ಭಾಗ. ಅಲ್ಲಿ ಪೂಜೆ ನೋಡಿಕೊಳ್ಳುವ ಗೊರವ, ಅಂದರೆ ಶೈವ ಪೂಜಾರಿ, ಕಲ್ಲಿಗೆ ಪೂಜೆ ಮಾಡದೆ ಊಟ ಮಾಡಿದರೆ ಅವನಿಗೆ ತಟ್ಟುವುದು 'ನಾಯಿ ಮಾಡಿದ ಪಾಪ'. ಬೇರೆ ಶಾಸನಗಳಲ್ಲಿ ದಾನ ಕೆಡಿಸಿದವನಿಗೆ ವಾರಾಣಸಿಯಲ್ಲಿ ಕವಿಲೆ ಹಸುವನ್ನು ಕೊಂದ ಪಾಪ ಬರಲಿ ಅಂತ ಇರುತ್ತದೆ. ಹಸುವಿನ ವಿಷಯದಲ್ಲಿ ಪಾಪ ಮಾಡುವವನು ಮನುಷ್ಯ. ಇಲ್ಲಿ ಪಾಪವೇ ನಾಯಿಯದ್ದು. ಪೂಜೆ ಮಾಡಿಸಿಕೊಳ್ಳುವುದೂ ನಾಯಿ, ಶಾಪದಲ್ಲಿ ಹೀನ ಜನ್ಮದ ಗುರುತಾಗಿ ನಿಲ್ಲುವುದೂ ನಾಯಿಯೇ. ಒಂದೇ ಕಲ್ಲು, ಒಂದೇ ಬರಹ. ಅದನ್ನು ಬರೆಸಿದವನಿಗೆ ಇದರಲ್ಲಿ ವಿಚಿತ್ರ ಅನಿಸಲಿಲ್ಲ ಅಂತ ಕಾಣುತ್ತದೆ.

ಹಂದಿಯದ್ದೂ ಅದೇ ಕಥೆ ಅನ್ನಿ. ಬಾದಾಮಿಯಲ್ಲಿ 578ರಲ್ಲಿ ಮಂಗಲೇಶ ಮಾಡಿಸಿದ ಗುಹೆಯಲ್ಲಿ ಭೂದೇವಿಯನ್ನು ಎತ್ತಿಹಿಡಿದ ವರಾಹನಿದ್ದಾನೆ. ಚಾಲುಕ್ಯರ ಲಾಂಛನವೇ ವರಾಹ. ಅದೇ ಹಂದಿಯನ್ನು ನಾಯಿ ಬಿಟ್ಟು ಬೇಟೆಯಾಡುವುದು ರಾಜರಿಗೂ ಸಾಮಂತರಿಗೂ ಹೆಮ್ಮೆಯ ಕೆಲಸ. ನಮ್ಮೂರಲ್ಲಿ ಹಂದಿ ಕಬ್ಬಿಗೆ ನುಗ್ಗಿದ ಬೆಳಿಗ್ಗೆ ದಶಾವತಾರ ಯಾರಿಗೂ ನೆನಪಾಗುವುದಿಲ್ಲ.

ನಾಯಿಯ ಜಾಡು ಹಿಡಿದು ಹೋದರೆ ಋಗ್ವೇದದವರೆಗೆ ಹೋಗುತ್ತದೆ. ಅಲ್ಲಿ ಸರಮೆ ಇದ್ದಾಳೆ, ಇಂದ್ರನ ಹೆಣ್ಣುನಾಯಿ. ಪಣಿಗಳು ಕದ್ದು ಬಚ್ಚಿಟ್ಟ ಹಸುಗಳನ್ನು ಹುಡುಕಿಕೊಂಡು ನದಿ ದಾಟಿ ಹೋಗುತ್ತಾಳೆ. ಪಣಿಗಳು ಅವಳಿಗೆ ಆಸೆ ತೋರಿಸುತ್ತಾರೆ, ನಮ್ಮ ತಂಗಿಯಾಗಿ ಇಲ್ಲೇ ಇದ್ದುಬಿಡು, ಹಸುಗಳಲ್ಲಿ ಪಾಲು ಕೊಡುತ್ತೇವೆ ಅನ್ನುತ್ತಾರೆ. ಅವಳು ಒಪ್ಪುವುದಿಲ್ಲ. ಹತ್ತನೇ ಮಂಡಲದ ಒಂದು ಸೂಕ್ತ ಪೂರ್ತಿ ಈ ಮಾತುಕತೆಯೇ. ಅದೇ ಮಂಡಲದಲ್ಲಿ ಯಮನ ದಾರಿ ಕಾಯುವ ನಾಲ್ಕು ಕಣ್ಣಿನ ಎರಡು ನಾಯಿಗಳೂ ಬರುತ್ತವೆ, ಸರಮೆಯ ಮಕ್ಕಳು. ದನ ಹುಡುಕುವುದು, ದಾರಿ ಕಾಯುವುದು. ದನಗಾಹಿಗಳ ಸಮಾಜ ನಾಯಿಯ ಕೈಯಲ್ಲಿ ಏನು ಕೆಲಸ ಮಾಡಿಸುತ್ತಿತ್ತೋ ದೇವಲೋಕದಲ್ಲೂ ಅದಕ್ಕೆ ಅದೇ ಕೆಲಸ.

ಮಹಾಭಾರತದ ಕೊನೆಯಲ್ಲಿ ಧರ್ಮರಾಯನ ಹಿಂದೆ ನಡೆದ ನಾಯಿ ಎಲ್ಲರಿಗೂ ಗೊತ್ತು. ಹೆಂಡತಿ, ತಮ್ಮಂದಿರು ಒಬ್ಬೊಬ್ಬರಾಗಿ ಬಿದ್ದರೂ ಅದು ಮಾತ್ರ ಉಳಿಯಿತು. ನಾಯಿ ಸಾಕಿದವರಿಗೆ ಸ್ವರ್ಗದಲ್ಲಿ ಜಾಗವಿಲ್ಲ ಅಂತ ಇಂದ್ರ ಹೇಳಿದ, ನಂಬಿ ಬಂದದ್ದನ್ನು ಬಿಡಲಾರೆ ಅಂತ ಯುಧಿಷ್ಠಿರ ರಥ ಹತ್ತಲಿಲ್ಲ. ಚಿಕ್ಕಂದಿನಲ್ಲಿ ಈ ಕಥೆ ಕೇಳಿ ಕಣ್ಣು ಒದ್ದೆಯಾಗುತ್ತಿತ್ತು. ಈಗ ಓದಿದಾಗ ಒಂದು ಸಣ್ಣ ತಕರಾರು ಹುಟ್ಟಿತು. ಕೊನೆಗೆ ಆ ನಾಯಿ ಯಮಧರ್ಮನಾಗಿ ಎದ್ದು ನಿಲ್ಲುತ್ತದಲ್ಲ, ಅದು ಯಾಕೆ? ಬರೀ ನಾಯಿಯಾಗಿಯೇ ಉಳಿದಿದ್ದರೆ ಏನಾಗುತ್ತಿತ್ತು? ಪರೀಕ್ಷೆ ಅಂತ ಗೊತ್ತಾದ ಮೇಲೆ ನಾಯಿ ಕಾಣೆಯಾಗುತ್ತದೆ, ಯುಧಿಷ್ಠಿರನ ಅಂಕ ಮಾತ್ರ ಉಳಿಯುತ್ತದೆ.

ಅದಕ್ಕೇ ನನಗೆ ಆದಿಪರ್ವದ ನಾಯಿಮರಿಯ ಪ್ರಸಂಗ ಹೆಚ್ಚು ಇಷ್ಟ. ಇದನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ಜನಮೇಜಯ ಕುರುಕ್ಷೇತ್ರದಲ್ಲಿ ಸತ್ರಯಾಗ ಮಾಡುತ್ತಿರುತ್ತಾನೆ. ಸರಮೆಯ ಮರಿಯೊಂದು ಅಲ್ಲಿಗೆ ಬರುತ್ತದೆ. ಅವನ ಮೂವರು ತಮ್ಮಂದಿರು ಅದನ್ನು ಹೊಡೆದು ಓಡಿಸುತ್ತಾರೆ. ಮರಿ ಅಳುತ್ತಾ ತಾಯಿಯ ಬಳಿ ಹೋಗುತ್ತದೆ. ತಾಯಿ ಕೇಳುವ ಮೊದಲ ಪ್ರಶ್ನೆ ಎಲ್ಲ ತಾಯಂದಿರದ್ದೇ: ನೀನೇ ಏನಾದರೂ ತಪ್ಪು ಮಾಡಿರಬೇಕು. ಇಲ್ಲಮ್ಮ, ಹವಿಸ್ಸನ್ನು ನೆಕ್ಕಲಿಲ್ಲ, ಅದರ ಕಡೆ ನೋಡಲೂ ಇಲ್ಲ ಅನ್ನುತ್ತದೆ ಮರಿ. ಸರಮೆ ನೇರ ಯಾಗಶಾಲೆಗೇ ಹೋಗಿ, ತಪ್ಪು ಮಾಡದ ನನ್ನ ಮಗನಿಗೆ ಯಾಕೆ ಹೊಡೆದಿರಿ ಅಂತ ಕೇಳುತ್ತಾಳೆ. ಯಾರೂ ಉತ್ತರ ಕೊಡುವುದಿಲ್ಲ. ಹಾಗಾದರೆ ನಿಮಗೂ ಕಾಣದ ಕಡೆಯಿಂದ ಭಯ ಬರುತ್ತದೆ ಅಂತ ಹೇಳಿ ಹೊರಟುಹೋಗುತ್ತಾಳೆ. ಚಕ್ರವರ್ತಿ ಬೆದರಿ, ಈ ಪಾಪ ಶಮನ ಮಾಡಬಲ್ಲ ಪುರೋಹಿತನನ್ನು ಹುಡುಕಿಕೊಂಡು ಅಲೆಯುತ್ತಾನೆ. ಇಲ್ಲಿ ಮರಿ ಮರಿಯಾಗಿಯೇ ಇರುತ್ತದೆ. ಯಾವ ದೇವರೂ ಅದರೊಳಗಿಂದ ಎದ್ದು ಬರುವುದಿಲ್ಲ.

ಇದನ್ನೆಲ್ಲ ನಾನು ಉತ್ಸಾಹದಿಂದ ರೂಮ್‌ಮೇಟ್‌ಗೆ ಹೇಳುತ್ತಾ ಹೋದೆ. ಅವನು ಸುಮ್ಮನೆ ಕೇಳಿಸಿಕೊಂಡು, ನನ್ನದೇ ಪುಸ್ತಕದ ಇನ್ನೊಂದು ಪುಟ ತೆಗೆದು ಮುಂದಿಟ್ಟ. ಮನುಸ್ಮೃತಿಯ ಹತ್ತನೇ ಅಧ್ಯಾಯ. ಚಂಡಾಲರು, ಶ್ವಪಚರು ಊರ ಹೊರಗಿರಬೇಕು, ನಾಯಿ ಮತ್ತು ಕತ್ತೆಗಳೇ ಅವರ ಸಂಪತ್ತು ಅಂತ ಅಲ್ಲಿದೆ. ಶ್ವಪಚ ಎಂಬ ಮಾತಿನ ಅರ್ಥವೇ ನಾಯಿ ಬೇಯಿಸುವವನು. ಮೂರನೇ ಅಧ್ಯಾಯದಲ್ಲಿ ಗೃಹಸ್ಥ ದಿನವೂ ನೆಲದ ಮೇಲೆ ಬಲಿಯನ್ನ ಇಡಬೇಕು ಅನ್ನುವ ಕಡೆ ಅದು ಯಾರ್‍ಯಾರಿಗೆ ಅಂತ ಪಟ್ಟಿ ಇದೆ: ನಾಯಿ, ಪತಿತ, ಶ್ವಪಚ, ರೋಗಿ, ಕಾಗೆ, ಹುಳು. ನನ್ನ ಅಜ್ಜಿ ತಟ್ಟೆಯಲ್ಲಿ ಕೊನೆಯ ತುತ್ತು ಮುದ್ದೆ ಉಳಿಸಿ ಕರಿಯನಿಗೆ ಹಾಕುತ್ತಿದ್ದಳು, ಅದನ್ನು ದೊಡ್ಡ ಕರುಣೆ ಅಂತಲೇ ನಾನು ತಿಳಿದಿದ್ದೆ. ಗೆಳೆಯ ಆ ಪಟ್ಟಿಯ ಮೇಲೆ ಬೆರಳಿಟ್ಟು, 'ನಿನ್ನ ನಾಯಿಗೂ ನಮ್ಮ ತಾತಂಗೂ ಒಂದೇ ಲೈನ್‌ನಲ್ಲಿ ಊಟ ಹಾಕವ್ರೆ ನೋಡು' ಅಂದ. ನಗುತ್ತಲೇ ಅಂದ. ನನಗೆ ನಗಲು ಆಗಲಿಲ್ಲ.

ಗೀತೆಯ ಐದನೇ ಅಧ್ಯಾಯದಲ್ಲಿ ಬ್ರಾಹ್ಮಣ, ಹಸು, ಆನೆ, ನಾಯಿ, ಶ್ವಪಾಕ ಎಲ್ಲರಲ್ಲೂ ಜ್ಞಾನಿ ಸಮನಾದದ್ದನ್ನೇ ಕಾಣುತ್ತಾನೆ ಅಂತಿದೆಯಲ್ಲ ಅಂತ ವಾದ ಹೂಡಿದೆ. 'ಜ್ಞಾನಿ ಕಾಣ್ತಾನೆ, ಸರಿ. ಊರು ಕಂಡಿತ್ತಾ?' ಅಂದ. ಆಮೇಲೆ ಕೇಳಿದ ಪ್ರಶ್ನೆಗೆ ನನ್ನ ಹತ್ತಿರ ಈಗಲೂ ಉತ್ತರ ಇಲ್ಲ. ಕಾಳಿಯನ್ನು ಹಂದಿಯ ಮೇಲೆ ಬಿಟ್ಟಾಗ ಅದರ ಜೊತೆ ಓಡಿದವರು ಯಾರು? ಅದಕ್ಕೆ ಅನ್ನ ಹಾಕಿ, ಗಾಯ ತೊಳೆದು, ಹಗ್ಗ ಹಿಡಿದು ಪಳಗಿಸಿದವನು ಯಾರು? ಅರ್ಥಶಾಸ್ತ್ರದಲ್ಲಿ ಹುಲ್ಲುಗಾವಲು, ಕಾಡುಗಳಲ್ಲಿ ಕಳ್ಳರನ್ನೂ ಶತ್ರುಗಳನ್ನೂ ಗಮನಿಸುತ್ತಾ ತಿರುಗುವ ಕೆಲಸ ಬೇಟೆಗಾರರಿಗೆ ಮತ್ತು ನಾಯಿ ಸಾಕುವವರಿಗೆ ಇತ್ತು. ಅಂದರೆ ರಾಜ್ಯಕ್ಕೆ ಇಂಥವರು ಬೇಕಿತ್ತು. ಆದರೂ ಆತಕೂರಿನ ಕಲ್ಲಿನಲ್ಲಿ ರಾಜನ ಹೆಸರಿದೆ, ಸಾಮಂತನ ಹೆಸರಿದೆ, ನಾಯಿಯ ಹೆಸರೂ ಇದೆ. ನಾಯಿ ಸಾಕಿದವನ ಹೆಸರಿಲ್ಲ.

ತಮಿಳುನಾಡಿನ ತಿರುವಣ್ಣಾಮಲೈ ಜಿಲ್ಲೆಯ ಎಡುತ್ತನೂರಿನಲ್ಲಿ ಇದಕ್ಕೂ ಹಳೆಯ ಒಂದು ವೀರಗಲ್ಲಿದೆ, ಪಲ್ಲವರ ಮಹೇಂದ್ರವರ್ಮನ ಕಾಲದ್ದು. ದನ ಕಾಯುವಾಗ ಸತ್ತ ವೀರನೊಬ್ಬನ ಪಕ್ಕ ಅವನ ನಾಯಿಯನ್ನೂ ಕೆತ್ತಿದ್ದಾರೆ. ಅದರ ಹೆಸರು ಕೋವಿವನ್, ಅದು ಕಳ್ಳರನ್ನು ಕಚ್ಚಿ ಹಿಡಿದು ನಿಂತಿತು ಅಂತ ಬರೆದಿದ್ದಾರೆ. ಅಲ್ಲಿ ಮಾತ್ರ ಯಜಮಾನ, ನಾಯಿ ಇಬ್ಬರೂ ಒಂದೇ ಕಲ್ಲಿನಲ್ಲಿದ್ದಾರೆ. ಗೆಳೆಯನಿಗೆ ಅದರ ಫೋಟೊ ತೋರಿಸಿದೆ. ಸುಮಾರು ಹೊತ್ತು ನೋಡಿದ.

ನಮ್ಮ ಕಡೆ ಡಮರು ಹಿಡಿದು, ಕಪ್ಪು ತುಪ್ಪಳದ ಟೋಪಿ ಹಾಕಿಕೊಂಡು ಬರುವ ಗೊರವಯ್ಯಗಳನ್ನು ನೀವೂ ನೋಡಿರುತ್ತೀರಿ. ಮೈಲಾರಲಿಂಗನ ಒಕ್ಕಲು ಅವರು. ಹೂವಿನಹಡಗಲಿ ತಾಲ್ಲೂಕಿನ ಮೈಲಾರದ ಜಾತ್ರೆಯಲ್ಲಿ ಗೊರವರು ನಾಯಿಯಂತೆ ಬೊಗಳುತ್ತಾ ದೋಣಿಯಲ್ಲಿಟ್ಟದ್ದನ್ನು ಬಾಯಿಂದಲೇ ತಿನ್ನುವ ಸೇವೆ ಇದೆ. ದೇವರ ಮುಂದೆ ತಾನೇ ನಾಯಿಯಾಗುವುದು. ಶಾಸನದಲ್ಲಿ ನಾಯಿಯ ಕಲ್ಲಿಗೆ ಪೂಜೆ ಮಾಡಬೇಕಿದ್ದವನನ್ನೂ ಗೊರವ ಅಂತಲೇ ಕರೆದಿದ್ದಾರೆ. ಈ ಹೆಸರು ಸಾವಿರ ವರ್ಷ ನಡೆದು ನಮ್ಮ ಬೀದಿಗೆ ಬಂದಿದೆ ಅಂತ ಗೊತ್ತಾದ ದಿನ ನನಗೆ ನಿದ್ದೆ ಬರಲಿಲ್ಲ. ಅಜ್ಜಿ ಇದ್ದಿದ್ದರೆ, 'ಇದುನ್ನ ತಿಳ್ಕೊಳೋಕೆ ಬೆಂಗ್ಳೂರ್‌ಗೆ ಹೋಗ್ಬೇಕಿತ್ತಾ' ಅನ್ನುತ್ತಿದ್ದಳು. ಚನ್ನಪಟ್ಟಣ ತಾಲ್ಲೂಕಿನ ಅಗ್ರಹಾರ ವಳಗೆರೆಹಳ್ಳಿಯಲ್ಲಿ ಇತ್ತೀಚೆಗೆ ನಾಯಿಗೇ ಗುಡಿ ಕಟ್ಟಿದಾಗ ಜನ ಅಚ್ಚರಿಪಟ್ಟು ನೋಡಲು ಹೋದರು. ಆತಕೂರು ಅಲ್ಲಿಗೆ ದೂರವೇನಲ್ಲ. ಹಳೆಯ ಕೆಲಸವನ್ನೇ ಮತ್ತೆ ಮಾಡಿದ್ದಾರೆ ಅಷ್ಟೆ.

ಯುಗಾದಿಗೆ ಊರಿಗೆ ಹೋದಾಗ ಒಬ್ಬನೇ ಹೊಂಗೆ ಮರದ ಹತ್ತಿರ ಹೋದೆ. ಗುಂಡಿ ಮುಚ್ಚಿದ ಜಾಗ ಗೊತ್ತಾಗುತ್ತಿತ್ತು. ಅದರ ಮೇಲೆ ಮೊಣಕಾಲುದ್ದದ ಒಂದು ಕಲ್ಲು ನೆಟ್ಟಿದ್ದರು. ಬದು ಕಟ್ಟುವ ಕಲ್ಲೇ, ಕೆತ್ತನೆ ಗಿತ್ತನೆ ಏನಿಲ್ಲ. ನರಿ ಕೆದಕದಿರಲಿ ಅಂತ ಇಟ್ಟಿರಬಹುದು ಅಂದುಕೊಂಡೆ. ಆದರೆ ನರಿಗಾದರೆ ಕಲ್ಲನ್ನು ಅಡ್ಡ ಮಲಗಿಸುತ್ತಿದ್ದರು, ನೆಟ್ಟಗೆ ನಿಲ್ಲಿಸುತ್ತಿರಲಿಲ್ಲ. ಅಪ್ಪನನ್ನು ಕೇಳಲು ಬಾಯಿ ಬರಲಿಲ್ಲ. ಆ ದಿನ ಜಗಲಿಯಲ್ಲಿ ನಾನಾಡಿದ ಮಾತಿನ ಬಗ್ಗೆಯೂ ನಾವಿಬ್ಬರೂ ಇನ್ನೂ ಮಾತಾಡಿಲ್ಲ.

ಮೊನ್ನೆ ರಾತ್ರಿ ಫೋನಿನಲ್ಲಿ ಅಪ್ಪ ಎಂದಿನಂತೆ 'ಓದು ಎಲ್ಲಿಗೆ ಬಂತು' ಅಂದರು. ನಾನು ಆತಕೂರಿನ ಕಥೆ ಹೇಳಿದೆ. ತಕ್ಕೋಲ, ಬೂತುಗ, ಹಂದಿ, ಚಲ್ಲೇಶ್ವರನ ಗುಡಿ ಮುಂದಿನ ಕಲ್ಲು, ಅದಕ್ಕೆ ಬಿಟ್ಟ ಗದ್ದೆ. ಮಧ್ಯೆ ಒಂದು ಸಲವೂ 'ಹ್ಞೂಂ' ಅನ್ನದೆ ಕೇಳಿಸಿಕೊಂಡರು. ಲೈನ್ ಕಟ್ಟಾಯಿತೇನೋ ಅಂದುಕೊಂಡೆ.

'ಏನು ಹೆಸರಂದೆ ಅದುಕ್ಕೆ?'

'ಕಾಳಿ.'

'ಕಾಳಿ ಅಂದ್ರೂ ಕರಿಯ ಅಂದ್ರೂ ಒಂದೇ ಬಣ್ಣ ಅಲ್ವೇನ್ಲಾ' ಅಂದರು. ಆಮೇಲೆ, ಕರೆಂಟು ಬಂತು, ನೀರು ಕಟ್ಟಬೇಕು ಅಂತ ಫೋನ್ ಇಟ್ಟರು. ಈಗ ಅವರು ಒಬ್ಬರೇ ಹೋಗುತ್ತಾರೆ.